ಗೋಣಿಕೊಪ್ಪದ ಬೋರ್ಡಿಲ್ಲದ ಲೇತ್ ಶಾಪ್: ಹಳೆ ಗಾರ್ಡನ್ ಟ್ರ್ಯಾಕ್ಟರ್ ಇಟ್ಟುಕೊಂಡವರು ಓದಿ

ಮನೆಯಲ್ಲಿ ಹಳೆ ಗಾರ್ಡನ್ ಟ್ರ್ಯಾಕ್ಟರ್ ಇದ್ದು, ಅದರ ಹುಲ್ಲು ಹೊಡೆಯುವ ಡೆಕ್ (ಅಡಿಯಲ್ಲಿ ಬ್ಲೇಡುಗಳಿರುವ ತಗಡಿನ ಮುಚ್ಚಳ) ತುಕ್ಕು ಹಿಡಿದು ಶೆಡ್ಡಿನ ಮೂಲೆ ಸೇರಿದ್ದರೆ ಗುಜರಿಗೆ ಹಾಕಬೇಡಿ. ಗೋಣಿಕೊಪ್ಪದಿಂದ ಪೊನ್ನಂಪೇಟೆ ಕಡೆ ಹೋಗುವಾಗ ಒಂದು ಲೇತ್ ಶಾಪ್ ಸಿಗುತ್ತದೆ. ಬೋರ್ಡ್ ಇಲ್ಲ. ಹೊರಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಳೆ ಪಲ್ಪರ್‌ಗಳ ಡ್ರಮ್ಮು, ಸ್ಪ್ರಿಂಕ್ಲರ್ ಪಂಪುಗಳು ರಾಶಿ ಬಿದ್ದಿರುತ್ತವೆ, ಅದೇ ಗುರುತು. ನಮ್ಮ ಗಾಡಿಯ ಡೆಕ್ ಅಲ್ಲೇ ರೆಡಿಯಾಯಿತು. ಮಳೆ, ಚಳಿ, ಬೇಸಿಗೆ ಎಲ್ಲದರಲ್ಲೂ ಓಡಿಸಿ ನೋಡಿದ ಮೇಲೆ, ಧೈರ್ಯವಾಗಿ ಹೇಳಬಹುದು ಅನ್ನಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಾಡಿ ಬಗ್ಗೆ. ನಮ್ಮದು ವೀಲ್ ಹಾರ್ಸ್ ಸಿ-120, 1970ರ ದಶಕದ್ದು. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಪಾಂಡ್ ಅನ್ನುವ ಕುಟುಂಬದವರು 1946ರಲ್ಲಿ ಶುರು ಮಾಡಿದ ಕಂಪನಿ. 1974ರಲ್ಲಿ ಅದು ಅಮೆರಿಕನ್ ಮೋಟಾರ್ಸ್ ಪಾಲಾಯಿತು, 1986ರಲ್ಲಿ ಟೋರೊ ಕೊಂಡುಕೊಂಡಿತು. ಎಂಜಿನ್ ಕೋಹ್ಲರ್ ಕೆ301. ಒಂದೇ ಸಿಲಿಂಡರ್, 476 ಸಿಸಿ, 12 ಎಚ್‌ಪಿ, ಬ್ಲಾಕ್ ಪೂರ್ತಿ ಬೀಡು ಕಬ್ಬಿಣ. ಮುಂದಕ್ಕೆ ಆರು ಗೇರು, ಹಿಂದಕ್ಕೆ ಎರಡು. ಅಮ್ಮತ್ತಿ ಕಡೆಯ ಒಂದು ಎಸ್ಟೇಟ್ ಬಂಗಲೆಯಲ್ಲಿ ಇದ್ದದ್ದನ್ನು ನಮ್ಮ ಮಾವ ಕೊಂಡು ತಂದರು. ಅಷ್ಟರಲ್ಲೇ ಹಿಂದಿನವರು ಮೂಲದ ಡೆಕ್ ತೆಗೆದು ಬೇರೆ ಕಂಪನಿಯ 42 ಇಂಚಿನ, ಮೂರು ಬ್ಲೇಡಿನ ಡೆಕ್ ಕೂರಿಸಿದ್ದರು. ಹೋಂಸ್ಟೇ ಮುಂದಿನ ಹುಲ್ಲು, ಕಣದ ಸುತ್ತ, ತೋಟದ ಒಳದಾರಿಯ ಅಂಚು, ಎಲ್ಲಾ ಇದರಲ್ಲೇ ಹೊಡೆಯುತ್ತೇವೆ.

ಇಂಥ ಗಾಡಿಗಳಲ್ಲಿ ಎಂಜಿನ್ ಅಷ್ಟು ಬೇಗ ಕೈಕೊಡುವುದಿಲ್ಲ. ಡೆಕ್ ಮೊದಲು ಹೋಗುತ್ತದೆ. ನಮ್ಮ ಕೊಡಗಿನಲ್ಲಂತೂ ಇನ್ನೂ ಬೇಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಒಣಗಿದ ದಿನ ಅಂತ ಇರುವುದೇ ಕಮ್ಮಿ, ಆ ಒದ್ದೆ ಹುಲ್ಲು ಕೆಂಪು ಮಣ್ಣಿನ ಜೊತೆ ಸೇರಿ ಡೆಕ್ಕಿನ ಅಡಿಗೆ ಅಂಟಿಕೊಂಡು, ಅಲ್ಲೇ ಕೊಳೆತು, ಒಳಗಿನಿಂದ ತಗಡನ್ನು ತಿನ್ನುತ್ತಾ ಹೋಗುತ್ತದೆ. ಮೇಲಿನಿಂದ ನೋಡಿದರೆ ಪೇಂಟ್ ಚೆನ್ನಾಗಿಯೇ ಇರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಒಳಗೆ ಹೋಗಿಬಿಡುತ್ತದೆ. ಇದರ ಮೇಲೆ ಸಿಲ್ವರ್ ಓಕ್ ಕಡ್ಡಿ, ಹುಲ್ಲಿನೊಳಗೆ ಅಡಗಿದ ಕಲ್ಲು. ಬ್ಲೇಡಿಗೆ ಬಿದ್ದ ಪ್ರತಿ ಏಟೂ ಸ್ಪಿಂಡಲ್ (ಬ್ಲೇಡನ್ನು ತಿರುಗಿಸುವ ಶಾಫ್ಟಿನ ಜೋಡಣೆ) ಬೇರಿಂಗಿಗೇ ಹೋಗುವುದು.

ಗೋಣಿಕೊಪ್ಪಕ್ಕೆ ಹೋಗುವ ಮೊದಲು ದೊಡ್ಡ ಊರಿನ ಒಂದು ಗ್ಯಾರೇಜಿಗೆ ಕೊಟ್ಟಿದ್ದೆವು. ಹೆಸರು ಬೇಡ. ಕೆಂಪು ಪೇಂಟ್ ಹೊಡೆದು, ಪಾಲಿಶ್ ಮಾಡಿ, ಫೋಟೋದಲ್ಲಿ ಚೆಂದ ಕಾಣುವ ಹಾಗೆ ಮಾಡಿ ಕಳಿಸಿದರು. ದುಡ್ಡೂ ಜಾಸ್ತಿಯೇ ತೆಗೆದುಕೊಂಡರು. ಹುಲ್ಲಿಗೆ ಇಳಿಸಿದರೆ ನಡುವಿನ ಬ್ಲೇಡು ಕಿರುಚುತ್ತಿತ್ತು, ಡೆಕ್ ಪೂರ್ತಿ ನಡುಗುತ್ತಿತ್ತು. ಏನಾಗಿತ್ತು ಅಂತ ಗೊತ್ತಾಗಿದ್ದು ಈ ಲೇತ್ ಶಾಪಿನಲ್ಲಿ ಬಿಚ್ಚಿದಾಗಲೇ.

ಮೇಸ್ತ್ರಿ ಬಂದವರೇ ಸ್ಪ್ಯಾನರ್ ಹಿಡಿಯಲಿಲ್ಲ. ಮೊದಲು ಪ್ಲಗ್ ವೈರ್ ಕಳಚಿ ಪಕ್ಕಕ್ಕೆ ಕಟ್ಟಿದರು. ಬ್ಲೇಡಿನ ಹತ್ತಿರ ಕೈ ಹಾಕುವ ಮುಂಚೆ ಎಲ್ಲರೂ ಮಾಡಬೇಕಾದ ಕೆಲಸ ಇದು, ಆದರೆ ಮಾಡುವವರು ಕಮ್ಮಿ. ಆಮೇಲೆ ಒಂದೊಂದೇ ಬ್ಲೇಡಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಎರಡು ಬದಿಯವು ಸ್ವಲ್ಪ ಆಡಿದವು. ನಡುವಿನದು ಟಕ್ ಟಕ್ ಅಂತ ಸದ್ದು ಮಾಡಿತು. ಸ್ಪಿಂಡಲ್ ಬಿಚ್ಚಿ ಶಾಫ್ಟ್ ತೆಗೆದು ತೋರಿಸಿದರು. ಬೇರಿಂಗ್ ಕೂರುವ ಜಾಗದಲ್ಲಿ ಸುತ್ತಲೂ ಪಂಚ್ ಹೊಡೆದು ಕಬ್ಬಿಣವನ್ನು ಉಬ್ಬಿಸಿ, ಅದರ ಮೇಲೆ ಬೇರಿಂಗ್ ಬಡಿದು ಕೂರಿಸಿದ್ದರು ಆ ಗ್ಯಾರೇಜಿನವರು.

ಯಾಕೆ ಹೀಗೆ ಮಾಡಿದ್ದರು ಅನ್ನುವುದು ಹಳೆ ಅಮೆರಿಕನ್ ಡೆಕ್ ಇರುವ ಎಲ್ಲರಿಗೂ ಗೊತ್ತಿರಬೇಕು. ಬದಿಯ ಸ್ಪಿಂಡಲ್‌ನಲ್ಲಿ ಉಳಿದಿದ್ದ ಹಳೆ ಬೇರಿಂಗ್ ಮೇಲೆ 6204-12 ಅಂತ ಇತ್ತು. ನಮ್ಮ ಅಂಗಡಿಗಳಲ್ಲಿ ಸಿಗುವ ಮಾಮೂಲಿ 6204ಕ್ಕೆ ಒಳಗಿನ ತೂತು 20 ಮಿಲಿ, ಹೊರಗಿನ ಅಳತೆ 47 ಮಿಲಿ, ದಪ್ಪ 14 ಮಿಲಿ. ಆ ಕೊನೆಯ 12 ಸೇರಿದರೆ ತೂತಿನ ಲೆಕ್ಕ ಇಂಚಿಗೆ ಹೋಗುತ್ತದೆ. ಹದಿನಾರರಲ್ಲಿ ಹನ್ನೆರಡು, ಅಂದರೆ ಮುಕ್ಕಾಲು ಇಂಚು, 19.05 ಮಿಲಿ. ಹೊರಗಿನ ಅಳತೆ ಮಾತ್ರ ಅದೇ 47. ಹಾಗಾಗಿ ಮಾಮೂಲಿ 6204 ತಂದರೆ ಹೌಸಿಂಗಿನಲ್ಲಿ, ಅಂದರೆ ಹೊರಗಿನ ಕವಚದಲ್ಲಿ, ಸರಿಯಾಗಿ ಕೂರುತ್ತದೆ, ಶಾಫ್ಟಿನ ಮೇಲೆ ಮಾತ್ರ ಹತ್ತಿರ ಹತ್ತಿರ ಒಂದು ಮಿಲಿ ಸಡಿಲ. ಆ ಸಡಿಲವನ್ನು ಮುಚ್ಚಲು ಪಂಚ್ ಹೊಡೆದಿದ್ದರು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡಿಗೆ ಅದು ಎಷ್ಟು ಹೊತ್ತು ನಿಲ್ಲುತ್ತದೆ?

ಮೇಸ್ತ್ರಿ ವರ್ನಿಯರ್ ಹಿಡಿದು ಒಂದೊಂದೂ ಅಳೆದು, ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ಬರೆದುಕೊಂಡರು. ಆಮೇಲೆ ಹೇಳಿದರು, “ಅಕ್ಕಾ, ಇಂಚಿನ ಬೇರಿಂಗ್ ಹುಡುಕಿ ನೀವು ಸುಸ್ತಾಗೋದು ಬೇಡ. ಇವತ್ತು ತರಿಸಿದ್ರೂ ನಾಳೆ ಮತ್ತೆ ಬೇಕಲ್ವಾ? ಶಾಫ್ಟೇ ಹೊಸದು ಮಾಡೋಣ. ಬೇರಿಂಗ್ ನಮ್ಮೂರಲ್ಲಿ ಸಿಗೋದೇ ಹಾಕೋಣ.”

“ಪುಲ್ಲಿ ಎಲ್ಲಾ ಬದಲಾಯಿಸಬೇಕಾಗುತ್ತಾ ಅಣ್ಣ?” ಅಂತ ಕೇಳಿದೆ.

“ಏನೂ ಬೇಡ. ಪುಲ್ಲಿ ಕೂರೋ ತುದಿ ಹಳೆ ಅಳತೆಗೇ ಬಿಡ್ತೀನಿ.”

ಹಾಗೇ ಮಾಡಿದರು. ಇಎನ್8 ಅನ್ನುವ ಗಟ್ಟಿ ಉಕ್ಕಿನ ರಾಡ್ ತಂದು ಮೂರು ಶಾಫ್ಟ್ ತಿರುವಿದರು. ಬೇರಿಂಗ್ ಕೂರುವ ಭಾಗ 20 ಮಿಲಿ, ಒತ್ತಿ ಕೂರಿಸುವಷ್ಟು ಬಿಗಿ. ಅದರ ಮೇಲೆ ಪುಲ್ಲಿಯ ಭಾಗ ಹಳೆಯ ಮುಕ್ಕಾಲು ಇಂಚೇ, ಹಳೆ ಕೀ ಕೂರುವ ಹಾಗೆ ತೋಡು ಕೊರೆದು. ಕೆಳಗೆ ಬ್ಲೇಡ್ ಕೂರುವ ಕಡೆ ಹಳೆಯದರಂತೆಯೇ ಭುಜ ಬಿಟ್ಟರು. ಅಂದರೆ ಹೌಸಿಂಗ್ ಹಳೆಯದು, ಪುಲ್ಲಿ ಹಳೆಯದು, ಬ್ಲೇಡ್ ಹಳೆಯದು, ನಡುವಿನ ಶಾಫ್ಟ್ ಮಾತ್ರ ನಮ್ಮೂರಿನದು. ಇನ್ನು ಮುಂದೆ ಬೇರಿಂಗ್ ಹೋದರೆ ವಿರಾಜಪೇಟೆ, ಕುಶಾಲನಗರ, ಎಲ್ಲಿ ಬೇಕಾದರೂ 6204 ಕೇಳಿ ತರಬಹುದು. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ದೊಡ್ಡ ಉಪಕಾರ ಇದೇ.

ಇನ್ನೊಂದು ಸಣ್ಣ ಕೆಲಸ ನೋಡಿ ನನಗೆ ತುಂಬಾ ಖುಷಿಯಾಯಿತು. ತಂದ ಬೇರಿಂಗ್‌ಗಳು 2ಆರ್‌ಎಸ್, ಅಂದರೆ ಎರಡೂ ಕಡೆ ರಬ್ಬರ್ ಸೀಲ್ ಇರುವವು. ನಮ್ಮ ಹೌಸಿಂಗಿಗೆ ಗ್ರೀಸ್ ನಿಪ್ಪಲ್ ಇದೆ. ಸೀಲ್ ಎರಡೂ ಕಡೆ ಇದ್ದರೆ ಹೊರಗಿನಿಂದ ಎಷ್ಟು ಗ್ರೀಸ್ ಹೊಡೆದರೂ ಗುಂಡುಗಳಿಗೆ ತಲುಪುವುದೇ ಇಲ್ಲ. ಮೇಸ್ತ್ರಿ ತೆಳ್ಳಗಿನ ಸೂಜಿಯಂಥ ಮೊನೆಯಿಂದ ಒಳಮುಖದ ಸೀಲನ್ನು ಮೆಲ್ಲಗೆ ಎಬ್ಬಿಸಿ ತೆಗೆದರು, ಹೊರಮುಖದ್ದನ್ನು ಹಾಗೇ ಬಿಟ್ಟರು. ಈಗ ನಿಪ್ಪಲ್‌ನಿಂದ ಹೊಡೆದ ಗ್ರೀಸ್ ಎರಡು ಬೇರಿಂಗ್‌ಗಳ ನಡುವೆ ತುಂಬಿ ಗುಂಡುಗಳಿಗೆ ಸೇರುತ್ತದೆ, ಹೊರಗಿನ ಸೀಲ್ ನೀರನ್ನು ತಡೆಯುತ್ತದೆ. ನಮ್ಮ ಮಳೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ. ಗ್ರೀಸ್ ಮಾತ್ರ ಹದವಾಗಿ ಹೊಡೆಯಬೇಕು, ಜೋರಾಗಿ ಪಂಪ್ ಮಾಡಿದರೆ ಹೊರಗಿನ ಸೀಲೂ ಕಿತ್ತು ಬರುತ್ತದೆ. ಮತ್ತೆ ಡೆಕ್ ತೊಳೆಯುವಾಗ ಪ್ರೆಶರ್ ಪೈಪನ್ನು ಸ್ಪಿಂಡಲ್ ಕಡೆ ಹಿಡಿಯಲೇಬಾರದು.

ತಗಡಿನ ಕೆಲಸಕ್ಕೆ ಬರೋಣ. ತುಕ್ಕು ತಿಂದ ಭಾಗವನ್ನು ಗ್ರೈಂಡರಿನಲ್ಲಿ ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಮೂರು ಮಿಲಿ ತಗಡಿನ ತುಂಡು ಕೂರಿಸಿ ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ) ವೆಲ್ಡಿಂಗ್ ಮಾಡಿದರು. ವೆಲ್ಡ್ ಮಾಡುವಾಗ ಖಾಲಿ ಹೌಸಿಂಗ್‌ಗಳನ್ನು ಬೋಲ್ಟ್ ಹಾಕಿ ಡೆಕ್ಕಿಗೇ ಬಿಗಿದಿಟ್ಟಿದ್ದರು, ಒಂದೇ ಕಡೆ ಉದ್ದಕ್ಕೆ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟುಕೊಂಡು ಹೋದರು. ಬಿಸಿಗೆ ತಗಡು ಸೊಟ್ಟಗಾದರೆ ಮೂರು ಸ್ಪಿಂಡಲ್‌ಗಳೂ ಒಂದೊಂದು ದಿಕ್ಕಿಗೆ ವಾಲುತ್ತವೆ, ಆಮೇಲೆ ಹುಲ್ಲು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ವೆಲ್ಡಿಂಗ್ ನೋಡಲು ಚೆಂದ ಇಲ್ಲ, ಗಂಟು ಗಂಟಾಗಿದೆ. ಆದರೆ ಗಟ್ಟಿ ಇದೆ, ಸೊಟ್ಟಗಾಗಿಲ್ಲ.

ಬ್ಲೇಡ್ ವಿಷಯದಲ್ಲಿ ಅವರು ಒಂದು ಮಾತಿಗೆ ಒಪ್ಪಲೇ ಇಲ್ಲ. ನಮ್ಮ ಮಾವ ಹಳೆ ಲಾರಿಯ ಕಮಾನ್ ಪ್ಲೇಟ್ ತೆಗೆದುಕೊಂಡು ಹೋಗಿ ಅದರಲ್ಲಿ ಬ್ಲೇಡ್ ಮಾಡಿಕೊಡು ಅಂದಿದ್ದರು. “ಕತ್ತಿಗಾದ್ರೆ ಮಾಡಿಸಿ ಮಾವ, ಇದಕ್ಕೆ ಬೇಡ” ಅಂದುಬಿಟ್ಟರು. ಅವರು ಹೇಳಿದ ಕಾರಣ ಸರಿಯಾಗಿದೆ. ಕಮಾನ್ ಪ್ಲೇಟನ್ನು ಕಾಯಿಸಿ ಹದ ಹಾಕುವಾಗ ಸ್ವಲ್ಪ ಹೆಚ್ಚು ಕಮ್ಮಿಯಾದರೂ ಅದು ಗಡಸಾಗಿ, ಕಲ್ಲು ತಾಗಿದಾಗ ಚೂರಾಗಿ ಸಿಡಿಯಬಹುದು. ಮೋವರ್ ಬ್ಲೇಡ್ ಅನ್ನುವುದು ಕಲ್ಲಿಗೆ ತಾಗಿದರೆ ಬಾಗಬೇಕು, ಒಡೆಯಬಾರದು. ಹಾರಿದ ಚೂರು ಕಾಲಿಗೆ ಹೊಕ್ಕರೆ ಗತಿಯೇನು? ದುಡ್ಡು ಬರುವ ಕೆಲಸವನ್ನು ಬೇಡ ಅನ್ನುವ ಮೇಸ್ತ್ರಿ ಮೇಲೆ ನಂಬಿಕೆ ಬರುವುದು ಇಂಥ ಕಡೆಯೇ. ಹಳೆ ಬ್ಲೇಡುಗಳನ್ನೇ ಮಸೆದು, ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಯಾವ ಕಡೆ ವಾಲುತ್ತದೋ ಆ ಕಡೆ ಇನ್ನಷ್ಟು ಉಜ್ಜಿ ಸಮ ಮಾಡಿ ಹಾಕಿದರು.

ಪುಲ್ಲಿ ಬಗ್ಗೆಯೂ ಇದೇ ಥರ. ಸ್ಪಿಂಡಲ್ ಪುಲ್ಲಿಯನ್ನು ಚಿಕ್ಕದು ಮಾಡಿದರೆ ಬ್ಲೇಡ್ ಜೋರಾಗಿ ತಿರುಗುತ್ತದೆ, ಒದ್ದೆ ಹುಲ್ಲು ದೂರ ಹಾರುತ್ತದೆ ಅಂತ ಯಾರೋ ಹೇಳಿದ್ದರು. ಆಸೆ ಆಗುವ ಮಾತೇ. ಆದರೆ ಅಮೆರಿಕದ ನಿಯಮದಲ್ಲಿ ಬ್ಲೇಡಿನ ತುದಿಯ ವೇಗ ನಿಮಿಷಕ್ಕೆ 19,000 ಅಡಿ ದಾಟಬಾರದು ಅಂತಿದೆ. ಲೆಕ್ಕ ಹಾಕಿದರೆ 15 ಇಂಚಿನ ಬ್ಲೇಡಿಗೆ ಅದು ನಿಮಿಷಕ್ಕೆ ಸುಮಾರು 4,800 ಸುತ್ತು. ಎಂಜಿನ್ನಿನ ಮಿತಿ 3,600. ಅಂದರೆ ಪುಲ್ಲಿಗಳ ನಡುವಿನ ಅನುಪಾತ ಒಂದಕ್ಕೆ ಒಂದೂ ಕಾಲು, ಒಂದೂ ಮೂರನೇ ಒಂದರ ಹತ್ತಿರ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಮೇಸ್ತ್ರಿಗೆ ಈ ನಿಯಮದ ಸಂಖ್ಯೆ ಗೊತ್ತಿರಲಿಲ್ಲ, ನಾನು ಹೇಳಿದೆ. ಅವರು ಎರಡೂ ಪುಲ್ಲಿ ಅಳೆದು, ಈಗ ಇರುವುದೇ ಸರಿ ಇದೆ, ಮುಟ್ಟುವುದು ಬೇಡ ಅಂದರು. ಆ ಹಿಂದಿನ ಗ್ಯಾರೇಜಿನವರು ಎಂಜಿನ್ ವೇಗವನ್ನು ಹಿಡಿತದಲ್ಲಿಡುವ ಗವರ್ನರ್‌ನ ಸ್ಪ್ರಿಂಗ್ ಎಳೆದು ಕಟ್ಟಿ ಎಂಜಿನ್ ಜೋರು ಮಾಡಿದ್ದರು. ಅದನ್ನೂ ಬಿಚ್ಚಿ, ಟ್ಯಾಕೊಮೀಟರ್ ಹಿಡಿದು 3,600ರ ಒಳಗೆ ತಂದಿಟ್ಟರು. ಕೆ301ರಲ್ಲಿ ಆಯಿಲ್ ಪಂಪ್ ಇಲ್ಲ, ಕನೆಕ್ಟಿಂಗ್ ರಾಡಿನ ತುದಿ ಆಯಿಲನ್ನು ಎರಚುವುದರಿಂದಲೇ ಎಲ್ಲಾ ನಡೆಯುವುದು. ಅಂಥ ಎಂಜಿನ್ನನ್ನು ಮಿತಿ ಮೀರಿ ಓಡಿಸಿದರೆ ರಾಡ್ ಮುರಿದು ಬ್ಲಾಕಿನಿಂದ ಹೊರಗೇ ಬರುತ್ತದೆ.

ಇದೇ ಕಾರಣಕ್ಕೆ ನಮ್ಮ ಇಳಿಜಾರುಗಳ ಬಗ್ಗೆ ಒಂದು ಮಾತು. ಎರಚುವ ಆಯಿಲ್ ಒಂದು ಕಡೆ ವಾಲಿದರೆ ರಾಡಿಗೆ ಸಿಗುವುದಿಲ್ಲ. ಗಾಡಿ ಮಗುಚುವ ಭಯ ಬೇರೆ. 15 ಡಿಗ್ರಿಗಿಂತ ಜಾಸ್ತಿ ಇಳಿಜಾರಿಗೆ ಈ ಗಾಡಿ ಇಳಿಸಬೇಡಿ, ಇಳಿಸಿದರೂ ಅಡ್ಡಡ್ಡ ಬೇಡ, ಮೇಲೆ ಕೆಳಗೆ ಓಡಿಸಿ. ದಿಣ್ಣೆಯ ಹುಲ್ಲಿಗೆ ಹೆಗಲಿಗೆ ಹಾಕುವ ಕಳೆ ಮಷಿನ್ನೇ ಸರಿ.

ಬೆಲ್ಟ್ ಹುಡುಕುವವರಿಗೆ ಒಂದು ಉಪಯೋಗದ ಮಾಹಿತಿ. ಹಳೆ ಬೆಲ್ಟಿನ ಮೇಲೆ 4ಎಲ್800 ಅಂತಿದ್ದರೆ ಅದು ಅರ್ಧ ಇಂಚು ಅಗಲ, ಹೊರಸುತ್ತು 80 ಇಂಚು. ನಮ್ಮ ಎ ಸೆಕ್ಷನ್ ಬೆಲ್ಟಿಗೂ ಅಗಲ 13 ಮಿಲಿ, ಹತ್ತಿರ ಹತ್ತಿರ ಅಷ್ಟೇ, ಆದರೆ ಅದರ ನಂಬರ್ ಒಳಸುತ್ತಿನ ಲೆಕ್ಕ. ಹಾಗಾಗಿ ಎ78 ಕೇಳಬೇಕು, ಎ80 ಅಲ್ಲ. ಎರಡು ಇಂಚಿನ ಈ ವ್ಯತ್ಯಾಸದಿಂದ ಬೆಲ್ಟ್ ಜಾರುತ್ತದೆ ಅಂತ ಎಷ್ಟೋ ಜನ ಸ್ಪ್ರಿಂಗ್ ಬಿಗಿ ಮಾಡಿ ಬೇರಿಂಗ್ ಕಳೆದುಕೊಳ್ಳುತ್ತಾರೆ. ಇನ್ನೊಂದು, ಮಾಮೂಲಿ ಬೆಲ್ಟ್ ಹಿಂದುಮುಂದಾಗಿ ಬಾಗುವ ಐಡ್ಲರ್ (ಬೆಲ್ಟ್ ಬಿಗಿ ಇಡುವ ಪುಲ್ಲಿ) ಮೇಲೆ ಜಾಸ್ತಿ ದಿನ ಬಾಳುವುದಿಲ್ಲ. ಅರಾಮಿಡ್ ಅನ್ನುವ ಗಟ್ಟಿ ನಾರಿನ ದಾರದ ಬೆಲ್ಟ್ ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಅದನ್ನೇ ಹಾಕಿ. ಈ ಅಂಗಡಿಯಲ್ಲಿ ಪಲ್ಪರಿಗೆ ಹಾಕುವ ಮಾಮೂಲಿ ಬೆಲ್ಟ್ ಮಾತ್ರ ಇರುತ್ತದೆ, ಬೇರೆಯದು ಬೇಕಾದರೆ ನೀವೇ ತರಬೇಕು.

ಎಂಜಿನ್ ಕೆಲಸ ಅವರ ಮುಖ್ಯ ಕಸುಬಲ್ಲ, ಆದರೂ ಎರಡು ಒಳ್ಳೆಯ ಕೆಲಸ ಮಾಡಿಕೊಟ್ಟರು. ಇಗ್ನಿಷನ್ ಕಾಯಿಲ್ ಸತ್ತಿತ್ತು. 12 ವೋಲ್ಟಿನ, ಬ್ಯಾಲಸ್ಟ್ (ಹೊರಗಿನ ರೆಸಿಸ್ಟರ್) ಬೇಡದ ಕಾಯಿಲ್ ಯಾವುದಾದರೂ ಇದಕ್ಕೆ ನಡೆಯುತ್ತದೆ, ಹಳೆ ಪೆಟ್ರೋಲ್ ಜೀಪಿನದ್ದು ಹಾಕಿದರು. ಕೊಡಗಿನಲ್ಲಿ ಜೀಪಿನ ಸಾಮಾನಿಗೆ ಬರ ಇಲ್ಲವಲ್ಲ. ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಪಾಯಿಂಟ್ ಉಜ್ಜಿ 0.020 ಇಂಚು, ಅಂದರೆ ಅರ್ಧ ಮಿಲಿ ಗ್ಯಾಪ್ ಇಟ್ಟರು. ಕೋಹ್ಲರ್‌ನಲ್ಲಿ ಪಾಯಿಂಟ್ ಬ್ಲಾಕಿನ ಹೊರಗೇ ಒಂದು ಸಣ್ಣ ಮುಚ್ಚಳದ ಕೆಳಗಿರುತ್ತದೆ, ಫ್ಲೈವೀಲ್ ಬಿಚ್ಚುವ ರಗಳೆ ಇಲ್ಲ. ಪೆಟ್ರೋಲ್ ಪೈಪನ್ನೂ ಬದಲಾಯಿಸಿದರು. ಈಗ ಬಂಕುಗಳಲ್ಲಿ ಬರುವುದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್, ಹಳೆ ರಬ್ಬರ್ ಅದಕ್ಕೆ ಮೆತ್ತಗಾಗಿ ಬಿರಿಯುತ್ತದೆ. ನಮ್ಮ ಹವೆಯಲ್ಲಿ ಎಥನಾಲ್ ತೇವವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲಕ್ಕೆ ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿರುವುದು ಮುಗಿಯುವವರೆಗೆ ಎಂಜಿನ್ ಓಡಿಸಿಯೇ ನಿಲ್ಲಿಸಿ.

ಡೆಕ್ ಕೂರಿಸಿದ ಮೇಲೆ ನಾಲ್ಕೂ ಟಯರಿಗೆ ಗಾಳಿ ನೋಡಿ, ಸಿಮೆಂಟ್ ಕಣದ ಮೇಲೆ ನಿಲ್ಲಿಸಿ, ಬ್ಲೇಡಿನ ತುದಿಯಿಂದ ನೆಲಕ್ಕೆ ಸ್ಕೇಲ್ ಹಿಡಿದು ಅಳೆದೆವು. ಎಡಬಲ ಸಮ, ಮುಂದಿನ ತುದಿ ಹಿಂದಿನದಕ್ಕಿಂತ ಕಾಲು ಇಂಚು ತಗ್ಗು. ಹಾಗಿದ್ದರೆ ಹಿಂದಿನ ತುದಿ ಕತ್ತರಿಸಿದ ಹುಲ್ಲನ್ನೇ ಮತ್ತೆ ಉಜ್ಜುವುದಿಲ್ಲ, ಎಂಜಿನ್ ಮೇಲೆ ಭಾರವೂ ಕಮ್ಮಿ. ಮೊದಲ ಸಲ ಹುಲ್ಲಿಗೆ ಇಳಿಸಿದಾಗ ಡೆಕ್ಕಿನಿಂದ ಬಂದಿದ್ದು ಒಂದೇ ಸಮನೆಯ ಗುಂಯ್ ಸದ್ದು ಅಷ್ಟೇ. ಮಾವ ಜಗಲಿಯಿಂದ ಇಳಿದು ಬಂದು ಪಕ್ಕದಲ್ಲೇ ನಡೆದರು.

ಇನ್ನು ದೂರುಗಳು. ಫೋನ್ ಎತ್ತುವುದಿಲ್ಲ. ಎತ್ತಿದರೂ ಲೇತ್ ಸದ್ದಿನಲ್ಲಿ ಏನೂ ಕೇಳುವುದಿಲ್ಲ, ಖುದ್ದಾಗಿ ಹೋಗುವುದೇ ವಾಸಿ. ಬಿಲ್ ಕೊಡುವುದಿಲ್ಲ, ಚೀಟಿಯಲ್ಲಿ ಬರೆದು ಕೊಡುತ್ತಾರೆ. ಪೇಂಟ್ ಕೆಲಸ ಇಲ್ಲ. ಪ್ರೈಮರ್ ಒಂದು ಕೋಟ್ ಹೊಡೆದು ಕಳಿಸುತ್ತಾರೆ, ಅಡಿಭಾಗಕ್ಕೆ ಎಪಾಕ್ಸಿ ನೀವೇ ಹೊಡೆದುಕೊಳ್ಳಬೇಕು, ಹೊಡೆಯಲೇಬೇಕು. ಹೇಳಿದ ದಿನಕ್ಕೆ ಕೊಡುವುದಿಲ್ಲ. ಇದು ನಿಜಕ್ಕೂ ತೊಂದರೆ. ಹೋಂಸ್ಟೇಗೆ ಜನ ಬರುವ ವಾರ ಹುಲ್ಲು ಮೊಣಕಾಲುದ್ದ ನಿಂತಿತ್ತು, ಬೇರೆ ಕಡೆಯಿಂದ ಕಳೆ ಮಷಿನ್ ಬಾಡಿಗೆಗೆ ತರಬೇಕಾಯಿತು. ಮುಂಚೆಯೇ ಒಂದು ಮಾತು ಹೇಳಿದ್ದರೆ ನಾವು ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆವು. ಇದಕ್ಕೆ ಒಂದು ಸ್ಟಾರ್ ಕಮ್ಮಿ ಕೊಡುತ್ತೇನೆ.

ರೇಟು ನ್ಯಾಯವಾಗಿದೆ. ಮೂರು ಶಾಫ್ಟ್, ಆರು ಬೇರಿಂಗ್, ತಗಡು, ವೆಲ್ಡಿಂಗ್, ಕೂಲಿ ಎಲ್ಲಾ ಸೇರಿ ಹನ್ನೆರಡು ಸಾವಿರದ ಆಸುಪಾಸು ಆಯಿತು. ಅಮೆರಿಕದಿಂದ ಸ್ಪಿಂಡಲ್ ತರಿಸುತ್ತೇನೆ ಅಂದರೆ ಸಾಗಣೆ, ಕಸ್ಟಮ್ಸ್ ಸೇರಿ ಇದರ ಎಷ್ಟೋ ಪಾಲು ಜಾಸ್ತಿ.

ಯಾವಾಗ ಕೊಡಬೇಕು ಅನ್ನುವುದು ಮುಖ್ಯ. ನವೆಂಬರ್ ಕೊನೆಯಿಂದ ಅರೇಬಿಕಾ ಕೊಯ್ಲು, ಆಮೇಲೆ ರೋಬಸ್ಟಾ, ಆಗ ಇಡೀ ಅಂಗಡಿ ಪಲ್ಪರಿಗೆ ಮೀಸಲು. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ನೀರು ಹಾಯಿಸುವ ಪಂಪುಗಳು ಸಾಲುಗಟ್ಟಿ ಬರುತ್ತವೆ. ಕೊಡಗಿನಲ್ಲಿ ಪಲ್ಪರಿಗೂ ಪಂಪಿಗೂ ಮೊದಲ ಮರ್ಯಾದೆ, ಅದು ಸರಿಯೇ, ಅದರಲ್ಲಿ ನನ್ನ ತಕರಾರಿಲ್ಲ. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಹೇಗೂ ಹುಲ್ಲು ಹೊಡೆಯಲು ಆಗುವುದಿಲ್ಲ, ಅಂಗಡಿಯಲ್ಲೂ ಕೆಲಸ ಕಮ್ಮಿ. ಆಗ ಡೆಕ್ ಬಿಚ್ಚಿ ಕೊಟ್ಟರೆ ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಮನೆಗೆ ಬರುತ್ತದೆ.

ಹೋಗುವಾಗ ಡೆಕ್ ಮಾತ್ರ ಪಿಕಪ್‌ನಲ್ಲಿ ಹಾಕಿಕೊಂಡು ಹೋಗಿ, ಗಾಡಿ ಬೇಡ. ಬೆಲ್ಟ್ ಯಾವ ಪುಲ್ಲಿಯ ಯಾವ ಕಡೆಯಿಂದ ಸುತ್ತುತ್ತದೆ ಅಂತ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಹಳೆ ಶಾಫ್ಟ್, ಹಳೆ ಬೇರಿಂಗ್, ಕೀ, ವಾಷರ್ ಎಷ್ಟೇ ಸವೆದಿದ್ದರೂ ಒಂದನ್ನೂ ಬಿಸಾಡದೆ ಡಬ್ಬದಲ್ಲಿ ಹಾಕಿ ಕೊಡಿ, ಮೇಸ್ತ್ರಿ ಅಳತೆ ತೆಗೆಯುವುದು ಅದರಿಂದಲೇ. ಭಾನುವಾರ ಮತ್ತು ಗೋಣಿಕೊಪ್ಪ ದಸರಾ ದಿನಗಳಲ್ಲಿ ಬಾಗಿಲು ಹಾಕಿರುತ್ತದೆ.